ಮೂಲ್ಯಾಗಿನ ರಿಂಗು

ಬೆಟಗೇರಿಯ ನಮ್ಮ ಪ್ರೆಸ್ಸಿನ್ಯಾಗ
ಮೊದಲ ಮೊಳಿ ಜೋಡಸತಿದ್ವಿ.
ಅಂದಾನೆಪ್ಪ ಕೊಟಗಿಯವರ ಹೆಸರಿಗೆ
ಕಟಗಿ ಅಕ್ಷರ, ಅಂಗೈ ಅಗಲ;
'ಪ್ಪ'ದ ಒತ್ತು ಸವದಿತ್ತು.
ಪ್ರೂಫಿನ್ಯಾಗ ಬಟ್ಟಿಟ್ಟು ಅವರು
"ಏ ಹಜರೇಸಾಬ, ನನ್ನ ಅರ್ಧಾ ನುಂಗಿದ್ಯಲ್ಲೋ" ಅಂತ ನಗತಿದ್ರು.
ಪಕ್ಷದ ಗುರುತು ಕೆಳಗ, ರೂಪಾಯಿ ನಾಣ್ಯದಷ್ಟು.
ದಿಲ್ಲಿಯೊಳಗ ಆ ಕುರ್ಚಿ ಯಾರಿಗೆ ಅನ್ನೂದು
ಹಾಳಿಮ್ಯಾಲ ಇರತಿರಲಿಲ್ಲ.
ಅದು ಗೆದ್ದವರೆಲ್ಲ ಕೂಡಿ
ಆಮ್ಯಾಲ ಆಡೂ ಮಾತು.

ಈಗ ಪೆನ್‌ಡ್ರೈವ್ ಬರತೈತಿ.
ಹತ್ತಡಿ ಅಗಲ, ಆರಡಿ ಎತ್ತರ,
ಅದರಾಗ ಒಂದು ಮುಖಾನ ಐದಡಿ,
ಹುಬ್ಬಿನ ಕೂದಲಾ ಎಣಸಬಹುದು.
ಬಾಜೂಕ ರಾಜ್ಯದವರು, ಮೊಳದಷ್ಟು.
ಕೆಳಗ ಎಡಕ್ಕ, ಮೂಲ್ಯಾಗ,
ತಲಿ ಬೆಳ್ಳಗಾದ ಅದ ಕೊಟಗಿಯವರು,
ಇಂಚುಪಟ್ಟಿ ಹಿಡದ್ರ ನಾಕೂವರಿ.
ಎದುರು ಪಕ್ಷದ್ದೂ ಅದ ಅಳತಿ, ಮುಖ ಅಷ್ಟ ಬ್ಯಾರೆ.
ಸೋಮಾರ ಇವರದು, ಮಂಗಳಾರ ಅವರದು.
ಮಷೀನಿಗೆ ಏನು, ಶಾಯಿ ಕುಡದು ಉಗಳತೈತಿ.

ಒಂದಿನ ರಾತ್ರಿ ಒಬ್ಬರ ಬಂದ್ರು,
ಗಾಡಿ ದೂರ ನಿಲ್ಲಿಸಿ.
ಗಿರಮಿಟ್ಟಿನ ಪೊಟ್ಟಣ ಬಿಚ್ಚಿ ನನ್ನ ಕಡೆ ಸರಿಸಿ
"ಎರಡು ಇಂಚು ಹೆಚ್ಚ ಮಾಡಾಕ ಆಗತೈತೇನು?"
"ಫೈಲಿಗೆ ಕೀಲಿ ಹಾಕಿ ಕಳಸ್ಯಾರ್ರಿ."
"ಕೀಲಿ ಯಾರ ಹತ್ರ?"
"ದಿಲ್ಲಿಗೆ ಹೋಗಿ ಕೂಡವರು ನೀವ್ರಿ. ನನ್ನ ಕೇಳತೀರಿ?"
ನಗಲಿಲ್ಲ.
ಉಳ್ಳಾಗಡ್ಡಿ ಚೂರು ಆರಿಸಿ ಆರಿಸಿ ತಿಂದು
ತಾವ ಹೇಳಿದ್ರು:
ಹೋದ ಸಲ ಒಂದು ಮಸೂದೆ. ಓದಿರಲಿಲ್ಲ.
ಮುಂಜಾನೆ ವಿಪ್ ಬಂತು, ಮಧ್ಯಾಹ್ನ ಗುಂಡಿ ಒತ್ತಿದೆ.
ನಮ್ಮ ಮಗ್ಗದ ನೂಲಿನ ಮಾತೂ ಅದರಾಗ ಇತ್ತಂತ,
ಊರಿಗೆ ಬಂದು ಪೇಪರಿನ್ಯಾಗ ಓದಿದೆ.
"ಬಟ್ಟು ನಂದ, ಹಜರೇಸಾಬ.
ಒತ್ತಿದವರು ಯಾರೋ."

ಸಾಲಿ ಖೋಲ್ಯಾಗ, ರಟ್ಟಿನ ಮರಿಯೊಳಗ,
ಆ ಐದಡಿ ಮುಖ ಹುಡುಕಿದೆ.
ಇರಲಿಲ್ಲ.
ನಾಕನೇ ಸಾಲಿನ್ಯಾಗ ಅಂದಾನೆಪ್ಪ ಕೊಟಗಿ,
'ಪ್ಪ'ದ ಒತ್ತು ಛಲೋ ಮೂಡಿತ್ತು.
ಯಾವ ಗುಂಡಿ ಒತ್ತಿದೆ ಅನ್ನೂದು ನನ್ನ ಹಂತೇಕ ಇರಲಿ.

ಗೆದ್ರು. ಧನ್ಯವಾದದ ಫ್ಲೆಕ್ಸಿಗೂ ಅದ ಅಳತಿ.
ನಾಕೂ ಮೂಲಿಗೆ ಹಿತ್ತಾಳಿ ರಿಂಗು ಹೊಡಿಯೂದು ನನ್ನ ಕೆಲಸ.
ಮೂರು ರಿಂಗು ಬರೇ ಬಣ್ಣದ ಮ್ಯಾಲ ಬಿದ್ವು.
ನಾಕನೇದಕ್ಕ ಬ್ಯಾರೆ ಜಾಗ ಇರಲಿಲ್ಲ,
ಕೊಟಗಿಯವರ ಹೆಗಲಿನ್ಯಾಗ ಹೊಡದೆ.
ಸುತ್ತಿಗಿ ಎತ್ತಿದಾಗ ಒಂದೀಟು ತಡದೆ, ಸುಳ್ಳ ಯಾಕ ಹೇಳಲಿ.

ಮುಳಗುಂದ ನಾಕಾದಾಗ ಕಟ್ಟ್ಯಾರ.
ಕಪ್ಪತಗುಡ್ಡದ ಕಡೆಯಿಂದ ಗಾಳಿ.
ದೊಡ್ಡ ಮುಖ ಉಬ್ಬತೈತಿ, ಜಗ್ಗತೈತಿ,
ಹಗ್ಗ ಎಳದಾಗೆಲ್ಲ ಆ ಹೆಗಲು ಕಿರ್ ಅಂತೈತಿ.
ಎದುರಿನ ಕಂಬದಾಗ ಹಳೇದೊಂದು,
ಯಾವಾಗಿಂದೋ, ಮೂಲಿ ಕಿತ್ತು
ಗದ್ದದಿಂದ ಹಣಿತನಕ ಮಡಚಿ ಬಿದ್ದೈತಿ.
ಅದರ ಹಿಂದ ಒಂದು ಚಹಾದಂಗಡಿ ಇತ್ತು ಅನ್ನೂದು
ಇವತ್ತ ಗೊತ್ತಾತು.