ಕಡ್ಡಿ, ಡಬ್ಬಿ

ಪೇಪರಿನ ಹುಡುಗ ಕೇಳಿದ:
ಎಲ್ಲೋ ಒಂದು ದೇಶದಾಗ ಒಬ್ಬಾಂವ
ಎಪ್ಪತ್ತು ವರ್ಷ ಮೈಕಿನ ಮುಂದ ಕುಂತಿದ್ದನಂತ,
ನಿಮ್ಮ ಕಮಲಾಕ್ಷಿ ನರೇಗಲ್ಲ ಬಾಯಾರದು ಎಷ್ಟರೀ?

ಕಾಯಂ ನೌಕರಿ ಮೂವತ್ತೈದು,
ಆಮ್ಯಾಲೆ ದಿನಗೂಲಿ ಲೆಕ್ಕದಾಗ ಒಂಬತ್ತು.
ಕೂಡಿಸಿದ, ಬರಕೊಂಡ.

ನಾ ಮೂವತ್ತೊಂದು ವರ್ಷ ಗಾಜಿನ ಈಚೆ ಕುಂತಾಂವ,
ನನಗ ಬ್ಯಾರೆ ಲೆಕ್ಕ ಗೊತ್ತು:
ಆರು ತಾಸಿನ ಪಾಳಿಯೊಳಗ
ಬಾಯಾರು ಮಾತಾಡತಿದ್ದದ್ದು ಹದಿನೆಂಟು ನಿಮಿಷ.
ಉಳಿದದ್ದೆಲ್ಲಾ ಕಾಯೂದು.
ಪ್ಲೇಟು ಮುಗಿಯೂದನ್ನ, ದಿಲ್ಲಿ ಬರೂದನ್ನ,
ಗಡಿಯಾರದ ಕೆಂಪು ಮುಳ್ಳು ಹನ್ನೆರಡಕ್ಕ ಏರೂದನ್ನ.
ಅದನ್ನ ಅಂವ ಬರಕೊಳ್ಳಲಿಲ್ಲ.

ಸಂಜೀ ಆರೂ ಐವತ್ತಕ್ಕ ಪೇಟಿ ಧಾರಣಿ.
ಹುಬ್ಬಳ್ಳಿ: ಹತ್ತಿ, ಶೇಂಗಾ, ಕಡ್ಲಿ.
ಗದಗ: ಹೆಸರು, ಉಳ್ಳಾಗಡ್ಡಿ.
ಬ್ಯಾಡಗಿ: ಮೆಣಸಿನಕಾಯಿ. ಡಬ್ಬಿ. ಕಡ್ಡಿ.
ಕನಿಷ್ಠ, ಗರಿಷ್ಠ, ಮಾದರಿ.
ಎರಡು ಮೆಟ್ಟಲ ಹತ್ತಿ ಒಂದು ಇಳದಂಗ ಆ ದನಿ,
ಒಂದು ದಿನಾನೂ ಕಾಲು ತಪ್ಪಲಿಲ್ಲ.

ತಪ್ಪಲಿಲ್ಲ ಅಂದೆನ? ಒಂದು ಸಲ ತಪ್ಪಿತು.
ಡಬ್ಬಿಯ ರೇಟು ಕಡ್ಡಿಗೆ, ಕಡ್ಡಿಯದು ಡಬ್ಬಿಗೆ.
ಎಂಟು ದಿನದ ಮ್ಯಾಲೆ ಗೇಟಿನ ಹತ್ರ
ಮೋಟೆಬೆನ್ನೂರಿನ ದ್ಯಾಮಣ್ಣ, ಬಗಲಾಗ ಗಂಟು:
ಧಾರಣಿ ಓದೂ ಬಾಯಾರು ಯಾರು, ಹೊರಗ ಕರೀರಿ.

ಬಂದರು, ಮಾರಿ ಬಿಳಚಿಕೊಂಡು,
ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ.

'ಡಬ್ಬಿ ಇಳೀತು ಅಂದ್ರಿ. ಹೂಡಿದ ಬಂಡಿ ಕೊಳ್ಳ ಹರದೆ.
ನಿನ್ನೆ ಹೋದೆ. ಕ್ವಿಂಟಾಲಿಗೆ
ನೂರಾ ನಲವತ್ತು ಹೆಚ್ಚಿಗೆ ಸಿಕ್ತು.
ಇನ್ನ ಮುಂದನೂ ಆಗಾಗ ತಪ್ಪರಿ ತಾಯಿ.'

ಗಂಟು ಬಿಚ್ಚಿದ. ಹೊಸ ಡಬ್ಬಿ,
ಮುದುಕರ ಗಲ್ಲದಂಗ ಸುಕ್ಕು, ಕಡುಗೆಂಪು.
ಬಾಯಾರು ಒಳಗ ತಂದು ಮೈಕಿನ ಮೇಜಿನ ಮ್ಯಾಲೇ ಇಟ್ಟರು.
ಅವತ್ತ ಸುರು ಆತು ಸೀನು.

ಮೆಣಸಿನಕಾಯಿ ಚಟ್ನಿ ಆಗಿ ಮುಗೀತು, ಸೀನು ಮುಗೀಲಿಲ್ಲ.
ಬ್ಯಾಡಗಿ ಅನ್ನೂದರೊಳಗ ಮೂಗಿನ ತುದಿ ಅದರತಿತ್ತು.
ಎರಡೂ ಕೈಯಾಗ ಹಾಳಿ. ನನ್ನ ಕಡೆ ಒಂದು ನೋಟ.
ನಾ ಫೇಡರ್ ಕೆಳಗ ಎಳೀತಿದ್ದೆ.
ಗಾಜಿನ ಆಚೆ ಬಾಯಾರು ಇಡೀ ಮೈ ಬಗ್ಗಿಸಿ ಸೀನತಿದ್ದರು,
ಸಪ್ಪಳ ಇಲ್ಲದ,
ನೀರಾಗ ಮೀನು ಬಾಯಿ ತಗದಂಗ.
ಫೇಡರ್ ಮ್ಯಾಲೆ. 'ಕನಿಷ್ಠ...'
ಆ ಒಂದು ಉಸಿರಿನ ಖಾಲಿಯೊಳಗ
ಎಷ್ಟು ಊರಾಗ ಎಷ್ಟು ಮಂದಿ
ರೇಡಿಯೋದ ತಲಿ ಮ್ಯಾಲೆ ಬಡದಿದ್ದರೋ.

ಮೊನ್ನೆ ಸೂಪರ್ ಮಾರ್ಕೆಟ್ಟಿನಾಗ ಸಿಕ್ಕರು.
ಕೈಯಾಗ ನೈಲಾನ್ ಚೀಲ, ಕಾಲಾಗ ಮಗಳು ಕೊಡಿಸಿದ ಬೂಟು.
'ಎಷ್ಟವಾ ಡಬ್ಬಿ?'
ಕುಂತ ಮುದುಕಿ ತಕ್ಕಡಿ ಕೆಳಗಿಟ್ಟಳು.
ಮಾರಿ ಎತ್ತಲಿಲ್ಲ, ಕಿವಿ ಮಾತ್ರ ಈ ಕಡೆ ಹೊಳ್ಳಿತು:
'ನಾ ಏನ ಹೇಳಲೆವ್ವಾ, ನೀವ ಹೇಳರಿ.'

ಬಾಯಾರು ನಗಾಕ ಹೋದರು,
ಮೂಗಿನ ತುದಿ ಅದರಿತು.
ನನ್ನ ಕಡೆ ಅದ ನೋಟ.
ನನ್ನ ಹೆಬ್ಬಟ್ಟು ಗಾಳಿಯೊಳಗ ಕೆಳಗ ಜಾರಿತು.

ಹುಣಸಿಹಣ್ಣಿನಾಂವ ತಿರುಗಿ ನೋಡಿದ,
ಎಮ್ಮಿ ಒಂದು ಬದಿಗೆ ಸರದು ನಿಂತಿತು,
ಅಷ್ಟು ದೊಡ್ಡದು, ಸಿಡಿದ ಕುಕ್ಕರಿನಂಥಾದ್ದು,
ಇಷ್ಟು ವರ್ಷದಾಗ ನಾ ಅದನ್ನ ಕೇಳಿದ್ದು
ಅವತ್ತ ಮೊದಲ.

ಸೆರಗಿಲೆ ಮೂಗು ಒರಿಸಿಕೊಂಡು ಬಾಯಾರು ಅಂದರು:
'ಕೈ ತಡಾ ಆತು ನಿಮ್ಮದು, ಹಜರೇಸಾಬ್.'