ಬಾಲದ ಸೈಕಲ್ಲು

ಇಪ್ಪತ್ಮೂರು ಸೈಕಲ್ಲಿಗೆ ನಾನೇ ಬಾಲ.
ಪಂಕ್ಚರ್ ಆದವರಿಗೆ ಪಂಪು, ಏದುಸಿರಿನವರಿಗೆ ಬೆಲ್ಲ,
ಹಿಂದಿನಿಂದ ಬರುವ ಬೈಗುಳಕ್ಕೆ ಬೆನ್ನು.

ಮೊದಲೆಲ್ಲ ಅಮೀರ್ ಅಹ್ಮದ್ ಸರ್ಕಲ್ಲಿನಲ್ಲಿ
ಹಾಲೇಶ ಅಡ್ಡ ನಿಂತು ಎರಡೂ ಕೈ ಚಾಚುತ್ತಿದ್ದ.
"ರಸ್ತೆ ನಿಮ್ಮಪ್ಪಂದಾ?" ಅಂತ ಅವರು,
"ನಿಮ್ಮಪ್ಪಂದಾ?" ಅಂತ ನಾವು.
ಎರಡೂ ಕಡೆಯ ಅಪ್ಪಂದಿರು, ಪಾಪ,
ಆ ಹೊತ್ತಿಗೆ ವಾಕಿಂಗು ಮುಗಿಸಿ
ಎಲ್ಲೋ ಒಂದೇ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಆವತ್ತು ತುಂಗೆಯ ಸೇತುವೆ ಮೇಲೆ
ಸಿಟಿ ಬಸ್ಸೊಂದು ಬಿಡದೆ ಹಾರ್ನು ಹೊಡೆಯಿತು.
ತಿರುಗಿ ನೋಡಲಿಲ್ಲ ನಾನು,
ಬೇಕಂತಲೇ ಇನ್ನಷ್ಟು ನಿಧಾನ ತುಳಿದೆ.
ಸೇತುವೆ ದಾಟಿದ ಮೇಲೆ ಡ್ರೈವರು ಕಿಟಕಿಯಿಂದ ಬಗ್ಗಿ,
"ಅಕ್ಕಾ, ನಿಮ್ಮ ವೇಲು ಚೈನಿಗೆ ಹೋಗ್ತಾ ಇದೆ" ಅಂದ.
ಅಷ್ಟೇ. ಗೇರು ಹಾಕಿ ಹೊರಟುಹೋದ.

ಗ್ರೀಸಿನ ಕಲೆ ಇನ್ನೂ ಹೋಗಿಲ್ಲ,
ಆ ವೇಲನ್ನೇ ಹ್ಯಾಂಡಲಿಗೆ ಕಟ್ಟಿಕೊಂಡಿದ್ದೇನೆ.
ಹಾರ್ನು ಕೇಳಿದರೆ ಮೊದಲು ಚೈನು ನೋಡುತ್ತೇನೆ,
ಆಮೇಲೆ ಮುಖ.
ಸವಳಂಗ ರಸ್ತೆಯಲ್ಲಿ ಈಗ ನಮ್ಮ ಸಾಲು
ಎಂಟೆಂಟಾಗಿ ಒಡೆದುಕೊಂಡು ಹೋಗುತ್ತದೆ;
ಸಂದಿಯಲ್ಲಿ ಆಟೋ, ಹಾಲಿನ ವ್ಯಾನು,
ಒಂದು ಸ್ಕೂಟಿಯ ಮೇಲೆ ಮೂರು ಜನ.
"ಹಿಂಗೆ ಬಿಡ್ತಾ ಹೋದ್ರೆ ನಮ್ಮನ್ನ ಯಾರು ಲೆಕ್ಕಕ್ಕಿಡ್ತಾರೆ?"
ಹಾಲೇಶ ಕೇಳುತ್ತಾನೆ. ನನ್ನ ಹತ್ತಿರ ಉತ್ತರವಿಲ್ಲ.

ಮೊನ್ನೆ ಗೋಪಿ ಸರ್ಕಲ್ಲಿನಲ್ಲಿ ಕಾರಿನವನೊಬ್ಬ ಅರಚಿದ.
ಚೈನು ನೋಡಿದೆ, ಸರಿಯಾಗಿಯೇ ಇತ್ತು.
ಬೈಗುಳ ಬೈಗುಳವೇ.
ಬೆಲ್ಲು ಹೊಡೆಯಲಿಲ್ಲ, ಬೆಲ್ಲ ಚಾಚಿದೆ.
ಅವನು ತಗೊಳ್ಳಲಿಲ್ಲ, ಗ್ಲಾಸು ಏರಿಸಿದ.
ಸಿಗ್ನಲ್ಲು ಹಸಿರಾಗುವ ತನಕ
ಗ್ಲಾಸಿನ ಆಚೆ ಅವನು, ಈಚೆ ನಾನು,
ಇಬ್ಬರೂ ಆ ಬೆಲ್ಲವನ್ನೇ ನೋಡುತ್ತಿದ್ದೆವು.