ಒಂದು ಪದದ ಎದುರು

ಪಟ್ಟಿ ತುಂಬಿದೆ. ಒಂದರ ಎದುರು ಮಾತ್ರ ಖಾಲಿ:
ಬಿಸಸ್.
ನೀಲಿಕಲ್ಲು ತನ್ನನ್ನು ತಾನೇ ಬಂಡೆಗೆ ಕಟ್ಟಿಕೊಳ್ಳುವ
ಕೂದಲಂಥ ಎಳೆಗಳು. ಕನ್ನಡದಲ್ಲಿ ಏನು?
ಕೋಡಿಬಾಗದ ಈ ಕೋಣೆಯಲ್ಲಿ, ಫಾರ್ಮಲಿನ್ ಜಾಡಿಗಳ ಮುಂದೆ
ಮೂರು ದಿನದಿಂದ ಕೂತಿದ್ದೇನೆ.
ತಂತು, ಸೂಕ್ಷ್ಮತಂತು, ಬಂಧಕತಂತು. ಬರೆದೆ, ಹೊಡೆದು ಹಾಕಿದೆ.
ಯಾವುದಕ್ಕೂ ಉಪ್ಪು ಹಿಡಿದಿಲ್ಲ.

ಹುಡುಕುತ್ತ ಹೋದರೆ ಗ್ರೀಕರಿಗೂ ಅದು ಕಡ ತಂದ ಮಾತು.
ಪೂರ್ವದ ದಂಡೆಯ ಹಡಗಿನವರ ಬಾಯಲ್ಲಿ ಬೂಸ್:
ಅರಸರು ಉಟ್ಟದ್ದು, ಹೆಣಗಳಿಗೆ ಸುತ್ತಿದ್ದು,
ನಯವಾದ ನಾರುಮಡಿ.
ಗ್ರೀಕರಲ್ಲಿ ಇನ್ನೊಂದು ಬಿಸಸ್ ಇತ್ತು.
ಅವೇ ಅಕ್ಷರ; ಒತ್ತಿ ನುಡಿಯುವ ಜಾಗ ಬೇರೆ.
ಅರ್ಥ: ಕಡಲ ತಳ.

ಚಿಪ್ಪು ತಳದಿಂದ ನೆಟ್ಟಗೆ ಏಳುತ್ತದೆ ಎಂದು ಬರೆದಿಟ್ಟ ಒಬ್ಬ.
ಸಾವಿರದೆಂಟುನೂರು ವರ್ಷ ಕಳೆದು
ಅದನ್ನು ಲ್ಯಾಟಿನ್ನಿಗೆ ತಂದವನು,
ದೀಪ ಸಣ್ಣದಿತ್ತೋ, ಕಣ್ಣು ಸೋತಿತ್ತೋ,
ನೂಲಿನಿಂದ ಏಳುತ್ತದೆ ಎಂದು ಓದಿದ.
ತಳ ಜಾರಿತು. ನೂಲು ಉಳಿಯಿತು.
ಎಲ್ಲರೂ ಆಡಿ ಆಡಿ ತಪ್ಪೇ ಸರಿಯಾಯಿತು.

ನನಗೆ ಅವನ ಮೇಲೆ ಸಿಟ್ಟಿಲ್ಲ.
ಎಳೆ ಎಂದರೆ ನೂಲು, ಎಳೆ ಎಂದರೆ ಜಗ್ಗು,
ಎಳೆ ಎಂದರೆ ಇನ್ನೂ ಬಲಿಯದ್ದು.
ನಮ್ಮದನ್ನು ನಾಳೆ ಯಾರು ಹೇಗೆ ಓದುತ್ತಾರೋ.

ಇಳಿತದ ಹೊತ್ತು ನೋಡಿ ಬೈತಖೋಲಕ್ಕೆ ಹೋದೆ.
ಶೇವಂತಿ ತಾಂಡೇಲ ಮೊಣಕಾಲುದ್ದ ನೀರಲ್ಲಿ ನಿಂತು
ಹಳೇ ಸ್ಕ್ರೂಡ್ರೈವರಿನಿಂದ ಒಂದೊಂದೇ ಎಬ್ಬುತ್ತಿದ್ದಳು.
"ಇದಕ್ಕೆ ಏನಂತೀರಿ?"
"ಯಾವುದ್ಕೆ? ಈ ಗಡ್ಡಕ್ಕಾ?
ಹೆಸ್ರು ಎಂತಕ್ಕೆ ಮಾರಾಯ್ತಿ, ಕಿತ್ತು ಬಿಸಾಕೂದು.
ಬಿಟ್ರೆ ಸಂಜಿಗೆ ನಾರ್ತದೆ."

ಕಿತ್ತದ್ದೊಂದನ್ನು ನನ್ನ ಅಂಗೈಗೆ ಹಾಕಿ
ಅವಳು ಮತ್ತೆ ಬಗ್ಗಿದಳು.
ಎಳೆಗಳ ತುದಿಗೆ, ಇನ್ನೂ ಬಿಡದೆ,
ಸಾಸಿವೆಯಷ್ಟು ಬಂಡೆಯ ಚೂರು.
ನೂಲಿನ ಜೊತೆ ತಳವೂ ಬಂದಿತ್ತು.
ಲ್ಯಾಟಿನ್ನಿನವನಿಗೆ ತೋರಿಸಬೇಕಿತ್ತು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಕೂತರು.
ಮೂರು ಸಲ ಸೋಪು ಹಾಕಿ ತೊಳೆದ ಅದೇ ಕೈಯಲ್ಲಿ
ಖಾಲಿ ಜಾಗ ತುಂಬಿದೆ: ನಾರು.
ಟೈಪ್ ಮಾಡುವ ಉಲ್ಲಾಸ ಹಾಳೆ ಎತ್ತಿಕೊಂಡ,
ಕಣ್ಣಿನ ಹತ್ತಿರ ತಂದ, ತಟ್ಟನೆ ದೂರ ಹಿಡಿದ.
"ಮೇಡಂ, ಇದು ನಾಮಪದವಾ, ಕ್ರಿಯಾಪದವಾ?"